ತಪ್ಪಿದ ವಾಯಿದೆ ಮತ್ತು ಮೂವತ್ತು ದಿನ

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗನಿಗೂ ಅವನ ಹುಟ್ಟೂರಿಗೂ ಉಳಿದಿರುವ ಕೊನೆಯ ಕೊಂಡಿ ಎಷ್ಟೋ ವೇಳೆ ಒಂದು ಸಿವಿಲ್ ದಾವೆಯಾಗಿರುತ್ತದೆ. ಪಕ್ಕದವರು ಒತ್ತುವರಿ ಮಾಡಿದ ಹೊಲ, ಬಾಡಿಗೆದಾರ ಬಿಟ್ಟುಕೊಡದ ಮನೆ, ಇಂಥದೇನಾದರೂ ಇರುತ್ತದೆ. ವಕಾಲತ್ತಿಗೆ ಸಹಿ ಹಾಕಿ ಚೆನ್ನೈಗೆ ಮರಳುವ ನಾವು, ಇನ್ನೆಲ್ಲವೂ ವಕೀಲರ ಪಾಲಿನದೆಂದು ನಿಶ್ಚಿಂತರಾಗುತ್ತೇವೆ. ಕಾನೂನು ಮಾತ್ರ ಅಷ್ಟು ನಿಶ್ಚಿಂತವಾಗಿಲ್ಲ.

ವಿಚಾರಣೆಯ ದಿನ ಪ್ರತಿವಾದಿ ಹಾಜರಿದ್ದು ವಾದಿಯ ಪರವಾಗಿ ಯಾರೂ ಇಲ್ಲದಿದ್ದರೆ, ಪ್ರತಿವಾದಿ ದಾವೆಯನ್ನು ಒಪ್ಪಿಕೊಳ್ಳದ ಹೊರತು, 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೆಯ ಆದೇಶ, 8ನೆಯ ನಿಯಮದಂತೆ ದಾವೆ ವಜಾ ಆಗುತ್ತದೆ. ಅದೇ ವ್ಯಾಜ್ಯಕಾರಣದ ಮೇಲೆ ಹೊಸ ದಾವೆ ಹೂಡಲು 9ನೆಯ ನಿಯಮ ಬಿಡದು. ಗೈರುಹಾಜರಿಗೆ ಸಾಕಷ್ಟು ಕಾರಣವಿತ್ತೆಂದು ತೋರಿಸಿ, ವಜಾ ಆದೇಶವನ್ನು ರದ್ದುಪಡಿಸಿ ದಾವೆಯನ್ನು ಮತ್ತೆ ಕಡತಕ್ಕೆ ತರಬೇಕೆಂದು ಕೋರುವ ಅರ್ಜಿಯೊಂದೇ ದಾರಿ. 1963ರ ಕಾಲಮಿತಿ ಅಧಿನಿಯಮದ ಪ್ರಕಾರ ಅದಕ್ಕಿರುವ ಅವಧಿ 30 ದಿನ. ಈ ಅವಧಿ ವಜಾ ಆದ ದಿನದಿಂದ ಆರಂಭವಾಗುತ್ತದೆ, ನಮಗೆ ಸುದ್ದಿ ತಿಳಿದ ದಿನದಿಂದಲ್ಲ. ತಡವಾದರೆ ಅದೇ ಅಧಿನಿಯಮದ 5ನೆಯ ಪ್ರಕರಣದಡಿ ವಿಳಂಬಕ್ಕೂ ಬೇರೆಯಾಗಿ ಸಮಾಧಾನ ಹೇಳಬೇಕು.

ವಕೀಲರ ತಪ್ಪಿಗೆ ಕಕ್ಷಿದಾರನೇಕೆ ದಂಡ ತೆರಬೇಕು? 1981ರಲ್ಲಿ ರಫೀಕ್ ವಿರುದ್ಧ ಮುನ್ಶಿಲಾಲ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಈ ಪ್ರಶ್ನೆಯನ್ನು ಎತ್ತಿಕೊಂಡು, ವಕೀಲರ ಗೈರಿನಿಂದ ವಜಾ ಆಗಿದ್ದ ಹಳ್ಳಿಗನೊಬ್ಬನ ಮೇಲ್ಮನವಿಗೆ ಮರುಜೀವ ಕೊಟ್ಟಿತು. ಖರ್ಚನ್ನು ಗೈರಾದ ವಕೀಲರಿಂದಲೇ ವಸೂಲು ಮಾಡಬೇಕೆಂದಿತು. ಆದರೆ ಸಲಿಲ್ ದತ್ತ ಪ್ರಕರಣದಲ್ಲಿ, 1993ರಲ್ಲಿ, ಅದೇ ನ್ಯಾಯಾಲಯ ಇದು ಎಲ್ಲರಿಗೂ ಸಲ್ಲುವ ನಿಯಮವಲ್ಲವೆಂದು ಸ್ಪಷ್ಟಪಡಿಸಿತು. ಅಲ್ಲಿನ ಕಕ್ಷಿ ಕಲ್ಕತ್ತೆಯ ಕಂಪನಿ. ಅದಕ್ಕೆ ಹಳ್ಳಿಗನಿಗೆ ದೊರೆತ ರಿಯಾಯಿತಿ ದೊರೆಯಲಿಲ್ಲ. ಓದು ಬಲ್ಲ, ನೌಕರಿಯಲ್ಲಿರುವ, ನಗರವಾಸಿಗಳಾದ ನಾವು ಈ ಎರಡು ತೀರ್ಪುಗಳಲ್ಲಿ ಯಾವುದಕ್ಕೆ ಹತ್ತಿರವೆಂಬುದನ್ನು ವಿವರಿಸಬೇಕಾಗಿಲ್ಲ. ದೂರದಲ್ಲಿದ್ದೇವೆ ಎಂಬುದಷ್ಟೇ ಸಾಕಷ್ಟು ಕಾರಣವಾಗದು.

ನನಗೆ ಪರಿಚಿತವಾದ ಕುಟುಂಬವೊಂದರಲ್ಲಿ ಹಿರಿಯರು ಹಾಸಿಗೆ ಹಿಡಿದಿದ್ದಾಗ ಊರಿನ ವಕೀಲರ ಕನ್ನಡ ಕಾಗದ ಬಂದಿತ್ತು. ಇಲ್ಲಿಯೇ ಹುಟ್ಟಿ ಬೆಳೆದ ಮಗನಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಕಾಗದ ನಾಲ್ಕು ತಿಂಗಳು ಔಷಧಿ ಚೀಟಿಗಳ ನಡುವೆ ಉಳಿಯಿತು. ಅಷ್ಟರಲ್ಲಿ ದಾವೆ ವಜಾ ಆಗಿತ್ತು. ತಂದೆಯ ಕಾಯಿಲೆಯನ್ನು ವೈದ್ಯರ ದಾಖಲೆಗಳಿಂದ ರುಜುವಾತುಪಡಿಸಬಹುದು. ಮಗನಿಗೆ ತಾಯ್ನುಡಿಯ ಲಿಪಿ ಬಾರದೆಂಬುದನ್ನು ಯಾವ ಪ್ರಮಾಣಪತ್ರದಲ್ಲಿ, ಯಾವ ಮುಖದಿಂದ ಬರೆಯುವುದು? ಮಕ್ಕಳಿಗೆ ಕನ್ನಡ ಕಲಿಸುವುದನ್ನು ನಾವು ಸಂಸ್ಕೃತಿಯ ಮಾತಾಗಿಯೇ ಆಡುತ್ತೇವೆ. ಪಹಣಿ ಓದಲಾರದ ವಾರಸುದಾರನ ಕೈಯಲ್ಲಿ ಜಮೀನು ಎಷ್ಟು ಕಾಲ ಉಳಿದೀತೆಂಬುದೂ ಅದರೊಳಗೆ ಸೇರಿದೆ.

ನ್ಯಾಯಾಲಯಗಳಿಂದ ನಾವು ಒಂದನ್ನು ಕೇಳಬಹುದು: ವಾದಿಯ ವಿಳಾಸ ಹೊರರಾಜ್ಯದಲ್ಲಿದ್ದರೆ, ವಜಾ ಮಾಡುವ ಮೊದಲು ನೇರವಾಗಿ ಅವನಿಗೇ ಒಂದು ಸೂಚನೆ ಹೋಗಲಿ. ಇದರಿಂದ ವಿಳಂಬ ಹೆಚ್ಚುತ್ತದೆಂಬ ಆಕ್ಷೇಪಣೆ ಬರಬಹುದು. ವಜಾ, ಮರುಅರ್ಜಿ, ತಕರಾರು, ಮೇಲ್ಮನವಿ ಎಂದು ವರ್ಷಗಟ್ಟಲೆ ನಡೆಯುವ ವಿಳಂಬಕ್ಕಿಂತ ಒಂದು ಸೂಚನೆಯ ವಿಳಂಬ ಚಿಕ್ಕದು. ಪ್ರತಿಸಲವೂ ಬಂದು ಕಾದು ಹೋದ ಪ್ರತಿವಾದಿಯ ನಷ್ಟವೂ ನಿಜವೇ. ಅದನ್ನು ಖರ್ಚಿನ ರೂಪದಲ್ಲಿ ತುಂಬಿಕೊಡಿಸುವ ಅಧಿಕಾರ ನ್ಯಾಯಾಲಯಕ್ಕೆ ಇದ್ದೇ ಇದೆ.

ನಮ್ಮ ಪಾಲಿನ ಕೆಲಸ ಇನ್ನೂ ಸುಲಭ. ಇ-ಕೋರ್ಟ್ಸ್ ವ್ಯವಸ್ಥೆಯಲ್ಲಿ ಪ್ರತಿ ಪ್ರಕರಣಕ್ಕೂ 16 ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆಯಿದೆ; ಅದರಿಂದ ಮುಂದಿನ ವಾಯಿದೆಯನ್ನು ಮನೆಯಿಂದಲೇ ನೋಡಬಹುದು. ಆ ಸಂಖ್ಯೆಯನ್ನು ಮನೆಯಲ್ಲಿ ಕನಿಷ್ಠ ಇಬ್ಬರು ಬಲ್ಲವರಾಗಿರಲಿ. ಸಂಘಗಳು ತಿಂಗಳಿಗೊಂದು ಭಾನುವಾರ, ಊರಿನಿಂದ ಬಂದ ಕಾಗದಪತ್ರಗಳನ್ನು ಓದಿ ಹೇಳುವ ಏರ್ಪಾಡು ಮಾಡಲಿ. ರಾಜ್ಯೋತ್ಸವದ ವೇದಿಕೆಗೆ ತಗಲುವ ವೆಚ್ಚದ ಅಲ್ಪಭಾಗವೂ ಇದಕ್ಕೆ ಬೇಡ. ಒಂದು ಮೇಜು, ಕನ್ನಡ ಓದಬಲ್ಲ ಇಬ್ಬರು ನಿವೃತ್ತರು, ಇಷ್ಟಿದ್ದರೆ ಸಾಕು.