ಬಟಾಟೆ ಕಾಟಾದ ಮೇಲೆ ಹುಡುಗನನ್ನು ನಿಲ್ಲಿಸಿ

ಶೆಟ್ರೇ, ಪೂಜಾರಿಯವರೇ, ರಾಯರೇ, ಕಾಮತರೇ, ಇದು ನಿಮಗೆ. ಮುಂಬಯಿಯ ದಾದರಿನಿಂದ ಮಾಟುಂಗದವರೆಗೆ ಹೋಟ್ಲಿನ ಗಲ್ಲೆಯಲ್ಲಿ ಕೂತಿರುವ ನಮ್ಮೂರಿನ ಎಲ್ಲರಿಗೂ. ನಾನು ಹೊರಗಿನವನಲ್ಲ. ಮೋರಿಯಲ್ಲಿ ತಟ್ಟೆ ತೊಳೆದು, ಟೇಬಲ್ ಒರೆಸಿ, ಕೊನೆಗೆ ಗಲ್ಲೆಗೆ ಬಂದವನು. ಈ ಬೈಗುಳದಲ್ಲಿ ನನ್ನ ಪಾಲೂ ಇದೆ.

ಬೆಳಗಿನ ನಾಲ್ಕಕ್ಕೆ ದಾದರ್ ಸ್ಟೇಷನ್ನಿನ ಹೊರಗೆ ಟೆಂಪೋಗಳಿಂದ ಮೆಂತ್ಯೆ, ಪಾಲಕ್, ಕೊತ್ತಂಬರಿ ಇಳಿಯುತ್ತಿರುತ್ತದೆ. ಅದೇ ಹೊತ್ತಿಗೆ ನಿಮ್ಮ ಹೋಟ್ಲಿನ ಶಟರ್ ಅರ್ಧ ಮೇಲೇರುತ್ತದೆ. ಕೆಳಗಿನಿಂದ ಒಬ್ಬ ಹುಡುಗ ಬಗ್ಗಿ ಹೊರಬಂದು ಹಾಲಿನ ಕ್ರೇಟನ್ನು ಒಳಗೆಳೆದುಕೊಳ್ಳುತ್ತಾನೆ. ಅವನು ಮಲಗಿದ್ದು ರಾತ್ರಿ ಹನ್ನೆರಡಕ್ಕೆ, ಅಟ್ಟದ ಮೇಲೆ, ಅಕ್ಕಿ ಚೀಲಗಳ ಪಕ್ಕ. ಅಲ್ಲಿ ಕಿಟಕಿ ಇಲ್ಲ. ಉಂಡದ್ದು ಅನ್ನ, ಜೊತೆಗೆ ಬಿಸಿನೀರು ಹೊಯ್ದು ಹೆಚ್ಚಿಸಿದ ಸಾಂಬಾರು. ಬೇಳೆ ಎಲ್ಲ ಗಿರಾಕಿಯ ಬಟ್ಟಲಿಗೆ ಹೋಗಿರುತ್ತದೆ. ಇನ್ನು ಹನ್ನೊಂದು ಗಂಟೆಯವರೆಗೆ ಅವನ ಹೊಟ್ಟೆಗೆ ಬೀಳುವುದು ಎರಡು ಕಟಿಂಗ್ ಚಹಾ. ಸಂಜೆ ತಡೆಯಲಾಗದಿದ್ದರೆ ಹೊರಗೆ ಹೋಗಿ ಒಂದು ವಡಾಪಾವ್. 1966ರಲ್ಲಿ ಅಶೋಕ್ ವೈದ್ಯ ಇದೇ ಸ್ಟೇಷನ್ ಹೊರಗೆ ಶುರುಮಾಡಿದ ತಿಂಡಿ ಅದು. ಹಸಿವು ಅಡಗುತ್ತದೆ. ಮೈ ಹತ್ತುವುದಿಲ್ಲ.

ಕೊರೋನಾ ಬಂದಾಗ ನಾವೆಲ್ಲ ರೋಗನಿರೋಧಕ ಶಕ್ತಿಯ ಭಕ್ತರಾದೆವು, ನೆನಪಿದೆಯೇ? ಗಲ್ಲೆಯ ಪಕ್ಕದಲ್ಲಿ ಕಷಾಯದ ಪುಡಿಯ ಡಬ್ಬ, ಫೋನಿನಲ್ಲಿ ದಿನಕ್ಕೆ ಹತ್ತು ಮನೆಮದ್ದು. ನಾನೂ ಅಮೃತಬಳ್ಳಿ ಕುದಿಸಿ ಕುಡಿದೆ. ಕಹಿಯಾಗಿತ್ತು. ಅದಕ್ಕಿಂತ ಹೆಚ್ಚಿನದ್ದೇನೂ ನನಗೆ ಗೊತ್ತಾಗಲಿಲ್ಲ. ಆ ಶಕ್ತಿ ಡಬ್ಬದಲ್ಲಿ ಬರುವ ಸಾಮಾನಲ್ಲ. ರೋಗಾಣುವಿಗೆ ಅಂಟಿಕೊಂಡು ಅದನ್ನು ಕಟ್ಟಿಹಾಕುವ ಪ್ರತಿಕಾಯ ಎಂಬುದೇ ಒಂದು ಪ್ರೋಟೀನು. ಸೋಂಕು ಬಂದಾಗ ಬಿಳಿ ರಕ್ತಕಣಗಳು ಒಂದಕ್ಕೆ ಸಾವಿರವಾಗಿ ಹೆಚ್ಚಬೇಕು. ಅದಕ್ಕೂ ಪ್ರೋಟೀನು ಬೇಕು, ಸತು ಬೇಕು, ಎ ಜೀವಸತ್ವ ಬೇಕು. ಎದೆಮೂಳೆಯ ಹಿಂದೆ ಥೈಮಸ್ ಎಂಬ ಗ್ರಂಥಿಯಿದೆ, ಕಾವಲು ಕಣಗಳು ಪಳಗುವ ಗರಡಿಮನೆ. ವಾರಗಟ್ಟಲೆ ಸರಿಯಾದ ಊಟವಿಲ್ಲದಿದ್ದರೆ ಅದೇ ಕುಗ್ಗಿಹೋಗುತ್ತದೆ.

ನಿದ್ದೆಯದೂ ಇದೇ ಕಥೆ. ಶಿಕಾಗೋ ವಿಶ್ವವಿದ್ಯಾಲಯದವರು ಆರೋಗ್ಯವಂತ ಯುವಕರನ್ನು ಕೆಲವು ರಾತ್ರಿ ಬರೀ 4 ಗಂಟೆ ಮಲಗಿಸಿ, ನಡುವೆ ಫ್ಲೂ ಲಸಿಕೆ ಕೊಟ್ಟು ನೋಡಿದರು. ಅದು 2002ರಲ್ಲಿ ಪ್ರಕಟವಾಯಿತು. ಹತ್ತನೆಯ ದಿನ ಅವರ ರಕ್ತದಲ್ಲಿದ್ದ ಪ್ರತಿಕಾಯ, ಸರಿಯಾಗಿ ಮಲಗಿದವರದ್ದಕ್ಕೆ ಅರ್ಧವೂ ಇರಲಿಲ್ಲ. ಹನ್ನೆರಡರಿಂದ ನಾಲ್ಕು ಅಂದರೆ ಎಷ್ಟು ಗಂಟೆ? ಲೆಕ್ಕದಲ್ಲಿ ನಾವು ಯಾವತ್ತೂ ಹಿಂದೆ ಬಿದ್ದವರಲ್ಲ. ಆ ಯುವಕರದ್ದು ಕೆಲವೇ ರಾತ್ರಿಗಳ ಮಾತು. ನಮ್ಮ ಹುಡುಗರು ವರ್ಷಗಟ್ಟಲೆ ಹೀಗೇ ಮಲಗುತ್ತಾರೆ.

1981ರ ಮಳೆಗಾಲ. ನನ್ನ ಜೊತೆ ಮೋರಿಯಲ್ಲಿದ್ದವನು ಕಾರ್ಕಳ ಕಡೆಯ ಹುಡುಗ, ನನಗಿಂತ ಒಂದು ವರ್ಷ ಚಿಕ್ಕವನು. ಅಟ್ಟದ ಮೇಲೆ ರಾತ್ರಿಯಿಡೀ ಕೆಮ್ಮುತ್ತಿದ್ದ. ನಾವು ಬೈಯುತ್ತಿದ್ದೆವು, ನಮಗೆ ನಿದ್ದೆ ಬರುವುದಿಲ್ಲ ಅಂತ. ಚಡ್ಡಿ ನಿಲ್ಲದೆ ಸೊಂಟಕ್ಕೆ ಸುತಲಿ ಕಟ್ಟಿಕೊಳ್ಳುತ್ತಿದ್ದ. ಒಂದು ದಿನ ಕಫದಲ್ಲಿ ರಕ್ತ ಬಂತು. ಸೇಟು ಅವನ ಕೈಗೆ 200 ರೂಪಾಯಿ ಕೊಟ್ಟು, ಮಂಗಳೂರು ಬಸ್ಸು ಹತ್ತಿಸಿದರು. ಒಳ್ಳೆಯ ಸೇಟು ಎಂದು ನಾವೇ ಹೊಗಳಿದೆವು. ದೀಪಾವಳಿಗೆ ಊರಿನಿಂದ ಬಂದವರು ಅವನು ಹೋದ ಸುದ್ದಿ ತಂದರು. ಕ್ಷಯಕ್ಕೆ ಮದ್ದು ಇಲ್ಲದ ಕಾಲವಲ್ಲ ಅದು. ಶಿವಡಿಯ ಟಿ.ಬಿ. ಆಸ್ಪತ್ರೆ ಆಗಲೂ ಇತ್ತು, ಟ್ಯಾಕ್ಸಿ ಹತ್ತಿದರೆ ಮುಟ್ಟುವಷ್ಟು ದೂರದಲ್ಲಿ.

ಇಪ್ಪತ್ತೆಂಟು ವರ್ಷದ ಮೇಲೆ ಸೇಟು ನಾನಾಗಿದ್ದೆ. ಅಷ್ಟರಲ್ಲಿ ಊರಿನ ಹುಡುಗರು ಬರುವುದು ನಿಂತು, ಉತ್ತರಪ್ರದೇಶ, ಒಡಿಶಾ, ಜಾರ್ಖಂಡ್‌ನವರು ಮೋರಿಗೆ ಬಂದಿದ್ದರು. ಜಾರ್ಖಂಡಿನ ಚಾಯ್‌ಬಾಸಾ ಕಡೆಯವನೊಬ್ಬ ಕೆಮ್ಮತೊಡಗಿದ. ನಾನು ರೈಲು ಹತ್ತಿಸಿದೆ. ದುಡ್ಡೂ ಕೊಟ್ಟೆ. ತಲುಪಿದನೇ ಎಂದು ಒಂದು ಫೋನೂ ಮಾಡಲಿಲ್ಲ.

ಅದಕ್ಕೇ 2023ರ ಆಗಸ್ಟ್‌ನಲ್ಲಿ ಒಂದು ಸುದ್ದಿ ಓದಿದಾಗ ಪತ್ರಿಕೆ ಮಡಚಿಟ್ಟೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಸಂಗಡಿಗರು ಜಾರ್ಖಂಡ್‌ನ 4 ಜಿಲ್ಲೆಗಳಲ್ಲಿ 2,800 ಕ್ಷಯರೋಗಿಗಳ ಮನೆಗಳಲ್ಲಿ ನಡೆಸಿದ ಅಧ್ಯಯನ ಅದು. ರೋಗಿಗಳಿಗೆಲ್ಲ ಮಾತ್ರೆಯ ಜೊತೆ ಆಹಾರದ ಕಿಟ್ ಕೊಟ್ಟರು. ಅರ್ಧದಷ್ಟು ಊರುಗಳಲ್ಲಿ ಮನೆಮಂದಿಗೂ ಕೊಟ್ಟರು: ತಲೆಗೆ ತಿಂಗಳಿಗೆ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ತೊಗರಿಬೇಳೆ, ಜೀವಸತ್ವದ ಮಾತ್ರೆ. ಆ ಮನೆಗಳಲ್ಲಿ ಹೊಸದಾಗಿ ಕ್ಷಯ ಹತ್ತುವುದು ಶೇಕಡಾ 39 ಇಳಿಯಿತು, ಹರಡುವ ಬಗೆಯ ಶ್ವಾಸಕೋಶದ ಕ್ಷಯ ಶೇಕಡಾ 48. ಮೊದಲ ಎರಡು ತಿಂಗಳಲ್ಲಿ ತೂಕ ಶೇಕಡಾ 5 ಏರಿದ ರೋಗಿಗಳಲ್ಲಿ ಸಾವಿನ ಅಪಾಯ ಶೇಕಡಾ 61 ಕಡಿಮೆಯಾಯಿತು. ಮಾತ್ರೆಯನ್ನು ಯಾರೂ ಬಿಡಬಾರದು, ಅನ್ನ ಮಾತ್ರೆಯಾಗುವುದಿಲ್ಲ. ಆದರೆ ಅಕ್ಕಿ, ಬೇಳೆ! ನಮ್ಮ ಉಗ್ರಾಣದಲ್ಲಿ ಚೀಲಗಟ್ಟಲೆ ಬಿದ್ದಿರುವ ಸಾಮಾನು. ನಮ್ಮ ಊರಿನ ವೈದ್ಯರು ನಾನು ರೈಲು ಹತ್ತಿಸಿದವನ ಊರಿನ ಕಡೆಗೆ ಹೋಗಿ ಬೇಳೆ ಹಂಚುವ ಹೊತ್ತಿಗೆ, ಅವನ ಊರಿನವರು ನಮ್ಮ ಅಂಗಡಿಯಲ್ಲಿ ತಿಳಿಸಾರು ಉಣ್ಣುತ್ತಿದ್ದರು.

ಗಲ್ಲೆಯಲ್ಲಿ ಕೂತವರು ಬೀಗಬೇಕಾಗಿಲ್ಲ. ಹದಿನಾಲ್ಕು ಗಂಟೆ ಕೂತು ಹೊಟ್ಟೆ ಬೆಳೆಸಿ ಸಕ್ಕರೆ ಕಾಯಿಲೆ ತಂದುಕೊಂಡವರಿಗೆ ಕ್ಷಯ ಹತ್ತುವ ಅಪಾಯ ಉಳಿದವರಿಗಿಂತ ಎರಡು ಮೂರು ಪಟ್ಟು. ನಿಮ್ಮ ಮೋರಿಯ ಹುಡುಗ ಉಸಿರಾಡುವ ಗಾಳಿಯನ್ನೇ ನೀವೂ ಉಸಿರಾಡುತ್ತೀರಿ.

2025ರ ಆಗಸ್ಟ್‌ನಲ್ಲಿ ದಾದರಿನ ಕಬೂತರ್‌ಖಾನಾಕ್ಕೆ ಪಾಲಿಕೆಯವರು ತಾಡಪತ್ರಿ ಹೊದಿಸಿದಾಗ ಜನ ಬೀದಿಗಿಳಿದು ಅದನ್ನು ಕಿತ್ತೆಸೆದರು. ಪಾರಿವಾಳಕ್ಕೆ ಕಾಳು ತಪ್ಪಬಾರದೆಂದು ಕೋರ್ಟಿನವರೆಗೂ ಹೋದರು. ಹಿಕ್ಕೆಯ ಧೂಳು ಶ್ವಾಸಕೋಶವನ್ನು ಕೆಡಿಸುತ್ತದೆಂಬುದು ಬೇರೆ ಮಾತು. ನನಗೆ ಕಾಡಿದ್ದು ಇಷ್ಟು: ಅಟ್ಟದ ಮೇಲೆ ಮಲಗುವವರ ಕಾಳಿಗಾಗಿ ಈ ಪೇಟೆಯಲ್ಲಿ ಯಾರಾದರೂ ಯಾವತ್ತಾದರೂ ಬೀದಿಗಿಳಿದದ್ದುಂಟೇ?

ನಮ್ಮ ಹಿರಿಯರು ಹೋಟ್ಲು ಮಾಣಿಗಳನ್ನು ಸಂಜೆ ಬಿಡುಗಡೆ ಮಾಡಿ ರಾತ್ರಿ ಶಾಲೆಗೆ ಕಳಿಸುತ್ತಿದ್ದರು. ಅಲ್ಲಿ ಕಲಿತವರಲ್ಲಿ ಎಷ್ಟು ಮಂದಿ ಇವತ್ತು ಸಂಘಗಳ ವೇದಿಕೆಯಲ್ಲಿ ಶಾಲು ಹೊದೆಸಿಕೊಳ್ಳುತ್ತಿದ್ದೇವೆ! ಮೂರು ಗಂಟೆ ಬಿಟ್ಟುಕೊಡಲು ಅವರಿಗೆ ಸಾಧ್ಯವಾಗಿದ್ದರೆ ಏಳು ಗಂಟೆಯ ನಿದ್ದೆ ಕೊಡಲು ನಮಗೇಕೆ ಆಗದು? ಪಾಳಿ ಹಾಕಿ. ಶಟರ್ ಎಳೆದವನೇ ಶಟರ್ ಎತ್ತುವುದು ಬೇಡ. ಸ್ಟಾಫಿನ ಬೇಳೆ ಬೇರೆ ಬೇಯಲಿ, ಸೌಟು ಹಾಕಿದರೆ ತಳ ಕಾಣದಷ್ಟು ದಪ್ಪಗೆ. ಬೆಳಿಗ್ಗೆ ಚಹಾಕ್ಕೆ ಮೊದಲು ಒಂದು ಹಿಡಿ ನೆನೆಸಿದ ಕಡಲೆಯೋ ಹೆಸರೋ, ಮಧ್ಯಾಹ್ನ ಒಂದು ಲೋಟ ಮಜ್ಜಿಗೆ, ಒಂದು ಸೊಪ್ಪು. ಅಟ್ಟಕ್ಕೆ ಗಾಳಿ ಬರಲಿ. ಎರಡು ವಾರ ಕೆಮ್ಮಿದವನನ್ನು ರೈಲು ಹತ್ತಿಸಬೇಡಿ, ಕಫ ಪರೀಕ್ಷೆಗೆ ಕರೆದುಕೊಂಡು ಹೋಗಿ. ಮದ್ದು ಪುಕ್ಕಟೆ. ಊಟಕ್ಕೆಂದು ಸರಕಾರವೇ ತಿಂಗಳಿಗೆ 1,000 ರೂಪಾಯಿ ಕೊಡುತ್ತದೆ. ಕೆಲಸ ಹೋಗುವುದಿಲ್ಲ ಎಂಬ ಮಾತು ಮಾತ್ರ ನೀವು ಕೊಡಬೇಕು.

ಎಲ್ಲಿಂದ ಶುರು ಮಾಡುವುದು ಎಂದು ಕೇಳಿದ ಗೆಳೆಯರೊಬ್ಬರ ಹೋಟ್ಲಿಗೆ ಹೋದ ತಿಂಗಳು ರಾತ್ರಿ ಹೋಗಿದ್ದೆ. ಉಗ್ರಾಣದ ಬಾಗಿಲಲ್ಲಿ ಬಟಾಟೆ ತೂಗುವ ಕಾಟಾ ಇತ್ತು. ಹುಡುಗರನ್ನು ಒಬ್ಬೊಬ್ಬರಾಗಿ ಅದರ ಮೇಲೆ ನಿಲ್ಲಿಸಿದೆವು. ಮೊದಮೊದಲು ನಕ್ಕರು. ಮೋರಿಯವನು ಕೊನೆಗೆ ಬಂದ, ಒದ್ದೆ ಕೈ ಬನಿಯನ್ನಿಗೆ ಒರೆಸಿಕೊಂಡು. ವಯಸ್ಸು ಹತ್ತೊಂಬತ್ತು ಅಂದ. ಪಕ್ಕದಲ್ಲಿ ಆಗಷ್ಟೇ ತೂಗಿಟ್ಟ ಬಟಾಟೆ ಚೀಲ 50 ಕಿಲೋ ಇತ್ತು. ಇವನು 41.