ಹುರಿಯಾಳುಗಳ ಜಾತಕ ಊರ ಬೋರ್ಡಿಗೆ ಬರಲಿ

ಹೆಣ್ಣು ಕೊಡುವಾಗ ಏಳು ತಲೆಮಾರು ವಿಚಾರಿಸುವ ಜನ, ವೋಟು ಕೊಡುವಾಗ ಯಾಕೆ ಸುಮ್ಮನಿರಬೇಕು? ವಿಚಾರಿಸುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ಆ ಹಕ್ಕನ್ನು ಮೊಟಕು ಮಾಡಲು ಸಂಸತ್ತು ತಂದ ಕಲಮನ್ನೂ 2003ರಲ್ಲಿ ರದ್ದು ಮಾಡಿತು. ವಿಧಾನಸಭೆಗೆ, ಲೋಕಸಭೆಗೆ ನಿಲ್ಲುವವರು ಆಸ್ತಿ, ಸಾಲ, ಓದು, ತಲೆ ಮೇಲಿನ ಕ್ರಿಮಿನಲ್ ಕೇಸು ಎಲ್ಲವನ್ನೂ ಪ್ರಮಾಣ ಪತ್ರದಲ್ಲಿ ಬರೆದುಕೊಡಲೇಬೇಕು. ಸುಳ್ಳು ಬರೆದರೆ 6 ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ.

ಆದರೆ ಈ ಕಾಗದ ಇರುವುದೆಲ್ಲಿ? ಚುನಾವಣಾಧಿಕಾರಿಯ ಕಚೇರಿ ಬೋರ್ಡಿನಲ್ಲಿ, ಆಯೋಗದ ಜಾಲತಾಣದಲ್ಲಿ. ಶ್ರೀರಾಂಪುರದ ರೈತ ಹೊಲದ ಕೆಲಸ ಬಿಟ್ಟು, ಬಸ್ ಚಾರ್ಜು ತೆತ್ತು, ಹೊಸದುರ್ಗಕ್ಕೆ ಹೋಗಿ ಓದಿ ಬರ್ತಾನೆಯೇ? ಮೊಬೈಲಿನಲ್ಲಿ ಹುಡುಕಲು ಎಲ್ಲರಿಗೂ ಬರುತ್ತದೆಯೇ? ಕೊನೆಗೆ ಪುಢಾರಿಗಳ ಬಾಯಿಮಾತೇ ದಾಖಲೆ!

ಪ್ರತಿ ಹುರಿಯಾಳಿನ ಪ್ರಮಾಣ ಪತ್ರದ ಸಾರಾಂಶವನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಗ್ರಾಮ ಪಂಚಾಯಿತಿ ಬೋರ್ಡಿಗೆ ಅಂಟಿಸಲಿ. ಓದು ಬಂದವರು ಓದಿ ಹೇಳ್ತಾರೆ, ಬಾರದವರು ಕೇಳ್ತಾರೆ. ಯಾರ ಆಸ್ತಿ ಐದು ವರ್ಷದಲ್ಲಿ ಎಷ್ಟು ಪಟ್ಟಾಯ್ತು ಅಂತ ಅರಳಿಕಟ್ಟೆಯೇ ಲೆಕ್ಕ ಹಾಕುತ್ತೆ. ಬೇಕಾದದ್ದು ನಾಲ್ಕು ಹಾಳೆ, ಒಂದಿಷ್ಟು ಅಂಟು. ಮುಂದಿನ ಚುನಾವಣೆಯೊಳಗೆ ಜಿಲ್ಲಾಧಿಕಾರಿಗಳು ಮನಸ್ಸು ಮಾಡಲಿ. ಮುಚ್ಚಿಡುವುದೇನೂ ಇಲ್ಲದ ಹುರಿಯಾಳು ಬೇಡ ಅನ್ನಲಾರ.