ಕಟ್ಟೆಯ ನೀರಿಗೆ ಬಾಗಿನ, ನೆಲದ ನೀರಿಗೆ ಲೆಕ್ಕವೇ ಇಲ್ಲ!

ನಮ್ಮ ಪ್ರೆಸ್ಸಿಗೆ ಬೋರ್‌ವೆಲ್ ಲಾರಿಯವರು ಬಿಲ್ ಬುಕ್ ಮಾಡಿಸಲು ಬರುತ್ತಾರೆ. ಬಿಲ್ಲಿನ ಹಿಂದೆ ದರಪಟ್ಟಿ. ಮೊದಲ 300 ಅಡಿಗೆ ಒಂದು ದರ, ಅಲ್ಲಿಂದ ಮುಂದೆ ನೂರು ಅಡಿಗೊಮ್ಮೆ ದರ ಏರುತ್ತದೆ. ಇಪ್ಪತ್ತು ವರ್ಷದ ಹಿಂದೆ ನಾನು ಪ್ರೆಸ್ ಹಾಕಿದಾಗ ಆ ಪಟ್ಟಿ 600 ಅಡಿಗೆ ಮುಗಿಯುತ್ತಿತ್ತು. ಈಗ 1,200 ದಾಟಿದೆ. ಒಂದೇ ಪುಟದಲ್ಲಿ ಹಿಡಿಸಬೇಕಾದರೆ ಅಕ್ಷರ ಸಣ್ಣದು ಮಾಡಬೇಕು. ಬಯಲುಸೀಮೆಯ ಅಂತರ್ಜಲದ ಚರಿತ್ರೆಯನ್ನು ನಾನು ಓದಿದ್ದು ಈ ದರಪಟ್ಟಿಯಲ್ಲಿ!

ಕನ್ನಡದ ಹುಡುಗರೇ, ನೀರು ಎಂದ ಕೂಡಲೇ ನಮಗೆಲ್ಲ ನೆನಪಾಗುವುದು ಅಣೆಕಟ್ಟೆ. ಕಟ್ಟೆ ತುಂಬಿದರೆ ಬಾಗಿನ, ಬತ್ತಿದರೆ ಬಂದ್. ಆದರೆ ಹಿರಿಯೂರಿನ ಹತ್ತಿರ ವೇದಾವತಿಗೆ ಕಟ್ಟಿರುವ ವಾಣಿವಿಲಾಸ ಸಾಗರದ ಕಥೆ ಸ್ವಲ್ಪ ಕೇಳಿ. ಹಳಬರ ಬಾಯಲ್ಲಿ ಅದು ಮಾರಿಕಣಿವೆ. ಮೈಸೂರು ಅರಸರ ಕಾಲದಲ್ಲಿ, 1907ರಲ್ಲಿ ಕಟ್ಟಿ ಮುಗಿಸಿದ್ದು. ಪೂರ್ಣ ಮಟ್ಟ 130 ಅಡಿ, ಹಿಡಿಯುವುದು 30 ಟಿಎಂಸಿ. ಒಂದು ಟಿಎಂಸಿ ಎಂದರೆ ಸುಮಾರು 2,831 ಕೋಟಿ ಲೀಟರ್. ಈ ಕಟ್ಟೆ ಮೊದಲು ಕೋಡಿ ಬಿದ್ದದ್ದು 1933ರಲ್ಲಿ. ಎರಡನೇ ಸಲ 2022ರಲ್ಲಿ. ನಡುವೆ 89 ವರ್ಷ! ಕೋಡಿ ನೋಡದೆಯೇ ಎರಡು ತಲೆಮಾರು ಮಣ್ಣಾಯಿತು. 2025ರ ಜನವರಿಯಲ್ಲಿ ಮತ್ತೆ ಕೋಡಿ ಬಿತ್ತು, ನಿಜ. ಆದರೆ ಈಚೆಗೆ ಕಟ್ಟೆ ತುಂಬಿದ್ದರಲ್ಲಿ ಮಳೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯಿಂದ ಹರಿಸಿದ ನೀರೂ ಸೇರಿದೆ.

ಯಾಕೆ ಹೀಗೆ? ವೇದಾವತಿ ಹುಟ್ಟುವುದು ಬಾಬಾಬುಡನ್‌ಗಿರಿಯಲ್ಲಿ. ಅಲ್ಲಿ ಮಳೆ ಉಂಟು. ಕಡೂರು ದಾಟಿದ ಮೇಲೆ ನದಿ ನಡೆಯುವುದು ಒಣಸೀಮೆಯಲ್ಲಿ. ವರ್ಷವಿಡೀ ಹರಿಯುವ ಹೊಳೆಯಲ್ಲ ಇದು. ಮಳೆಗಾಲದ ನಾಲ್ಕಾರು ದೊಡ್ಡ ಮಳೆಗೆ ಬಂದಷ್ಟೇ ನೀರು. ಆ ಮಳೆ ತಪ್ಪಿದರೆ ಕಟ್ಟೆ ಎಷ್ಟು ದೊಡ್ಡದಿದ್ದರೇನು, ಖಾಲಿ ಪಾತ್ರೆ!

ಹೋಗಲಿ, ತುಂಬುವ ಕಟ್ಟೆಯಾದರೂ ಶಾಶ್ವತವೇ? 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯ ಆಗ ಹಿಡಿಯುತ್ತಿದ್ದದ್ದು 133 ಟಿಎಂಸಿ. ಈಗ ಸುಮಾರು 106. ಉಳಿದ ಜಾಗ ಹೂಳು ನುಂಗಿದೆ.

ಹಾಗಾದರೆ ಕೋಡಿ ಬೀಳದ ಆ 89 ವರ್ಷ ಕಾಲುವೆ ಕಾಣದ ಹಳ್ಳಿಗಳ ರೈತ ಬದುಕಿದ್ದು ಯಾವ ನೀರಿನಲ್ಲಿ? ನೆಲದಡಿಯ ನೀರಿನಲ್ಲಿ. ಮೊದಲು ಕಪಿಲೆ ಬಾವಿ, ಆಮೇಲೆ ಪಂಪ್‌ಸೆಟ್, ಆಮೇಲೆ ಬೋರು. ನೆಲದೊಳಗೆ ದೊಡ್ಡ ಸರೋವರ ಇದೆ ಎಂದುಕೊಂಡವರು ಬಹಳ ಮಂದಿ. ನಮ್ಮ ಬಯಲುಸೀಮೆಯದು ಗಟ್ಟಿ ಕಲ್ಲಿನ ನೆಲ. ನೀರು ಇರುವುದು ಮೇಲಿನ ಕೊಳೆತ ಕಲ್ಲಿನ ಪದರದಲ್ಲಿ, ಅದರ ಕೆಳಗೆ ಕಲ್ಲಿನ ಬಿರುಕುಗಳಲ್ಲಿ. ಬಿದ್ದ ಮಳೆಯಲ್ಲಿ ಕೆಳಗಿಳಿಯುವುದು ಹತ್ತರಲ್ಲಿ ಒಂದು ಪಾಲು, ಅಷ್ಟೇ. ಅದನ್ನು ನಿಧಾನವಾಗಿ ಇಳಿಸುತ್ತಿದ್ದದ್ದು ಊರ ಕೆರೆ. ಕೆರೆಗೆ ಹೂಳು ತುಂಬಿತು, ಕಾಲುವೆ ಒತ್ತುವರಿಯಾಯಿತು, ನೀರಗಂಟಿಯ ಕೆಲಸ ಹೋಯಿತು. ಇಳಿಸುವವರಿಲ್ಲ, ಎತ್ತುವವರೇ ಎಲ್ಲ! ಆಳಕ್ಕೆ ಹೋದಂತೆ ನೀರಿನ ಜೊತೆ ಫ್ಲೋರೈಡ್ ಬಂತು. ಹಲ್ಲು ಕಂದಿದ ಮಕ್ಕಳನ್ನು ಪಾವಗಡದ ಕಡೆ ಹೋಗಿ ನೋಡಿ.

ನಮ್ಮ ಕಡೆಯ ರೈತರೊಬ್ಬರು ಮೂರು ಬೋರು ಕೊರೆಸಿದರು. ಮೂರರಲ್ಲೂ ಬರೀ ಧೂಳು. ಸಾಲ ತೀರಿಸಲು ತೋಟ ಮಾರಿ ಈಗ ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತಿದ್ದಾರೆ. ದಿನಾ ಅವರು ಒಳಗೆ ಬಿಡುವುದು ಏನನ್ನು ಗೊತ್ತೇ? ನೀರಿನ ಟ್ಯಾಂಕರನ್ನು.

ಇದಕ್ಕೂ ಕನ್ನಡ ಚಳವಳಿಗೂ ಏನು ಸಂಬಂಧ ಎನ್ನುತ್ತೀರಾ? ಸಂಬಂಧ ಇದೆ. 2018ರ ಫೆಬ್ರವರಿಯಲ್ಲಿ ಕಾವೇರಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್ ನಮ್ಮ ಪಾಲನ್ನು 14.75 ಟಿಎಂಸಿ ಹೆಚ್ಚಿಸಿ 284.75 ಮಾಡಿತು. ಅದರಲ್ಲಿ 10 ಟಿಎಂಸಿ ದಕ್ಕಿದ್ದು ಹೇಗೆ? ತಮಿಳುನಾಡಿನ ನೆಲದಡಿಯ ನೀರನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರಿಂದ! ನೆಲದ ನೀರಿನ ಲೆಕ್ಕಕ್ಕೆ ಕೋರ್ಟಿನಲ್ಲಿ ಬೆಲೆ ಇದೆ ಎಂದಾಯಿತು. ನಾಳೆ ನಮ್ಮ ನೆಲದ ನೀರಿನ ಲೆಕ್ಕ ಕೇಳಿದರೆ ನಮ್ಮ ಹಳ್ಳಿಗಳ ಬಳಿ ಉತ್ತರ ಉಂಟೇ?

ಲೆಕ್ಕ ಇಲ್ಲವೆಂದಲ್ಲ. ಕೇಂದ್ರ ಅಂತರ್ಜಲ ಮಂಡಳಿ ಬಾವಿಗಳನ್ನು ಅಳೆಯುತ್ತದೆ. ವರ್ಷಕ್ಕೆ ಇಳಿಯುವುದಕ್ಕಿಂತ ಹೆಚ್ಚು ನೀರೆತ್ತುವ ತಾಲ್ಲೂಕನ್ನು ‘ಓವರ್ ಎಕ್ಸ್‌ಪ್ಲಾಯಿಟೆಡ್’ ಎಂದು ಇಂಗ್ಲಿಷಿನಲ್ಲಿ ಬರೆದಿಡುತ್ತದೆ. ಬೋರಿಗೆ ಸಾಲ ಮಾಡುವ ರೈತನಿಗೆ ಆ ಮಾತು ತಲುಪುವುದು ಹೇಗೆ? ‘ನಿಮ್ಮೂರ ನೆಲದಲ್ಲಿ ಜಮೆಗಿಂತ ಖರ್ಚು ಜಾಸ್ತಿ’ ಎಂದು ಕನ್ನಡದಲ್ಲಿ ಬರೆದರೆ ಮೂರನೇ ಬೋರಿಗೆ ಮುಂಚೆ ಅವನು ಒಂದು ಸಲ ಯೋಚಿಸಿಯಾನು. ಕನ್ನಡದಲ್ಲಿ ಬರೆಯದ ಎಚ್ಚರಿಕೆ ಎಚ್ಚರಿಕೆಯೇ ಅಲ್ಲ!

ಅದಕ್ಕೇ ನಮ್ಮ ಬೇಡಿಕೆ ಒಂದೇ. ಪ್ರತಿ ಗ್ರಾಮ ಪಂಚಾಯ್ತಿ ಕಚೇರಿಯ ಮುಂದೆ ಒಂದು ಹಲಗೆ ಬೇಕು. ಬಿದ್ದ ಮಳೆ ಎಷ್ಟು, ಕೆರೆಯಲ್ಲಿ ನೀರೆಷ್ಟು, ಬಾವಿಯಲ್ಲಿ ನೀರು ಎಷ್ಟು ಆಳದಲ್ಲಿದೆ, ತಿಂಗಳು ತಿಂಗಳೂ ಕನ್ನಡದಲ್ಲಿ ಬರೆಯಬೇಕು.

ಸರ್ಕಾರ ಮಾಡುವವರೆಗೆ ಕಾಯಬೇಡಿ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ಬಿಂದಿಗೆ ಹಿಡಿದು ಟ್ಯಾಂಕರಿನ ಹಿಂದೆ ಓಡಿದವರು ನೀವೇ ಅಲ್ಲವೇ? ಮುಂದಿನ ಸಲ ಊರಿಗೆ ಹೋದಾಗ ಒಂದು ತೆರೆದ ಬಾವಿ ಹುಡುಕಿ, ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಡಿ, ಅಳೆದು ಬರೆಯಿರಿ. ಮುಂಗಾರಿಗೆ ಮುಂಚೆ ಒಂದು ಸಲ, ಹಿಂಗಾರು ಮುಗಿದ ಮೇಲೆ ಒಂದು ಸಲ. ಕೆರೆ ಕಾಲುವೆ ಎಲ್ಲಿ ಮುಚ್ಚಿದೆ, ಅದನ್ನೂ ಬರೆಯಿರಿ. ಪಟ್ಟಿಯ ಹಾಳೆ ನಮ್ಮ ಪ್ರೆಸ್ಸಿನಲ್ಲಿ ಪುಕ್ಕಟೆ ಅಚ್ಚು ಹಾಕಿಕೊಡುತ್ತೇನೆ. ಬೋರ್‌ವೆಲ್ ದರಪಟ್ಟಿ ಅಚ್ಚು ಹಾಕಿ ತಿಂದ ಅನ್ನದ ಋಣ ಅಷ್ಟಾದರೂ ತೀರಲಿ.

ಜಲ, ನೆಲ, ಭಾಷೆ ಎಂದು ಕೂಗುತ್ತೇವೆ. ಆ ನೆಲದೊಳಗೇ ಜಲ ಇದೆ. ಅದರ ಲೆಕ್ಕ ನಮ್ಮ ಭಾಷೆಯಲ್ಲಿ ಬರಲಿ.